ಒಬ್ಬಳ ಉಸಿರಿಗೆ ಇಷ್ಟು ನೀರೇ

ಜೆಚೊನ್
8 ಡಿಸೆಂಬರ್ 1993

ಸಾಂಗು,

ಗಡಿಯ ಬೆಟ್ಟದಲ್ಲಿ ಕಾವಲು ನಿಂತವನನ್ನು ಚಳಿ ಹೇಗಿದೆ ಎಂದು ಕೇಳುವುದು ಮೂರ್ಖತನ, ಆದ್ದರಿಂದ ಕೇಳುವುದಿಲ್ಲ. ಕಾಲುಚೀಲ ಎರಡೆರಡು ಹಾಕಿಕೋ. ಈಗ ನನ್ನ ಸಂಕಟ ಕೇಳು.

ನಮ್ಮ ಕಿಟಕಿಗಳು ಅಳುತ್ತಿವೆ. ಇಪ್ಪತ್ತು ವರ್ಷ ಬಾಡಿಗೆ ಕೋಣೆಗಳಲ್ಲಿ, ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರ ಮುಖ ನೋಡಿಕೊಂಡು ಬದುಕಿದ ಮೇಲೆ ಈ ಶರತ್ಕಾಲಕ್ಕೆ ಸ್ವಂತ ಮನೆ ಎಂದಾಯಿತು. ಐದನೆಯ ಮಹಡಿಯ ಮೂಲೆಯಾದರೇನು, ನಮ್ಮದು. ರಾತ್ರಿಯೆಲ್ಲ ಸಾರ್ವಜನಿಕ ಸ್ನಾನಗೃಹದ ಬಾಯ್ಲರಿಗೆ ಬೆಂಕಿ ಹಾಕಿ, ಊರಿನವರ ಕೊಳೆ ತೊಳೆಯಲು ನೀರು ಕಾಯಿಸಿ, ಹಬೆಯಲ್ಲಿ ಬೆಂದು ಬೆಳಿಗ್ಗೆ ಎಂಟಕ್ಕೆ ಬಂದರೆ ಇಲ್ಲೂ ಅದೇ. ಗಾಜಿನ ಮೇಲೆ ಧಾರೆ, ಚೌಕಟ್ಟಿನಲ್ಲಿ ಕೊಳ. ನಿನ್ನ ಕೋಣೆಯ ಕಪಾಟು ಸರಿಸಿ ನೋಡಿದೆ, ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟು. ಹೊಸ ಗೋಡೆಕಾಗದ ಕಣೋ! ಎದೆಗೆ ಒದ್ದಂತಾಯಿತು.

ನಿನ್ನ ತಾಯಿಯನ್ನು ಕೇಳಿದರೆ, "ಚಳಿಗಾಲ ಅಂದ್ಮೇಲೆ ಕಿಟಕಿ ಬೆವರ್ದೆ ಇರತ್ತಾ? ಮಲಗಿ ಸುಮ್ನೆ" ಎನ್ನುತ್ತಾಳೆ. ರಾತ್ರಿ ಮನೆಯಲ್ಲಿರುವುದು ಅವಳೊಬ್ಬಳೇ. ಒಬ್ಬಳ ಉಸಿರಿಗೆ ಇಷ್ಟು ನೀರೇ? ನೀನು ಒಂದು ವರ್ಷ ಕಟ್ಟಡ ವಿದ್ಯೆ ಓದಿದವನು. ಕಾರಣವೇನು, ಮದ್ದೇನು, ಬರೆ.

ಬೇರೆ ಯಾರಾದರೂ ನಿನಗೆ ಪತ್ರ ಬರೆಯುತ್ತಿದ್ದರೆ ಅದನ್ನು ನನಗೆ ತಿಳಿಸುವ ಅಗತ್ಯವಿಲ್ಲ.

ನಿನ್ನ ತಂದೆ


ಯಾಂಗ್‌ಗು
14 ಡಿಸೆಂಬರ್

ಅಪ್ಪಾ,

ನಿಮ್ಮ ಪತ್ರವನ್ನು ನಮ್ಮ ಸಾರ್ಜೆಂಟ್ ಇಡೀ ತುಕಡಿಗೆ ಗಟ್ಟಿಯಾಗಿ ಓದಿದ. "ನೋಡ್ರಪ್ಪ, ಬೇರೆ ತಂದೆಯರು ಮಗನಿಗಾಗಿ ಅಳ್ತಾರೆ, ಇವನಪ್ಪ ಕಿಟಕಿಗಾಗಿ ಅಳ್ತಾನೆ" ಎಂದು ನಕ್ಕ. ಈಗ ನನಗೆ ಇಲ್ಲಿ ಕಿಟಕಿ ಎಂದೇ ಹೆಸರು.

ಕಾರಣ ಸರಳ. ಬೆಚ್ಚಗಿನ ಗಾಳಿ ನೀರನ್ನು ಹೊತ್ತುಕೊಂಡು ತಿರುಗುತ್ತದೆ. ತಣ್ಣನೆಯ ಗಾಜು ಮುಟ್ಟಿದೊಡನೆ ಹೊರಲಾರದೆ ಇಳಿಸಿಬಿಡುತ್ತದೆ. ಸಾರು ಕುದಿಸುವುದು, ಅಡಿಯ ಬಿಸಿನೀರ ಕೊಳವೆಯಿಂದ ಕಾದ ನೆಲದ ಮೇಲೆ ಬಟ್ಟೆ ಒಣಹಾಕುವುದು, ಉಸಿರಾಡುವುದು, ಎಲ್ಲವೂ ಆ ಹೊರೆಗೆ ಸೇರುತ್ತವೆ. ಇಲ್ಲಿ ನಾವು ಒಂದೇ ಹಜಾರದಲ್ಲಿ ಮೂವತ್ತು ಜನ ಮಲಗುತ್ತೇವೆ. ಎದ್ದೊಡನೆ ಮೊದಲ ಆಜ್ಞೆ, ಎದುರುಬದುರು ಕಿಟಕಿಗಳನ್ನು ಪೂರ್ತಿ ತೆರೆ. ಹಲ್ಲು ಕಟಕಟ ಎನ್ನುತ್ತದೆ, ಆದರೆ ಹತ್ತು ನಿಮಿಷದಲ್ಲಿ ಗಾಜು ತಿಳಿಯಾಗುತ್ತದೆ.

ನೀವೂ ಹಾಗೇ ಮಾಡಿ. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ರಾತ್ರಿಯದನ್ನು ಅಮ್ಮ ಮಾಡಲಿ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ, ಹಿಂದೆ ಗಾಳಿಯಾಡಬೇಕು. ಪಾತ್ರೆಗೆ ಮುಚ್ಚಳವಿರಲಿ. ಮನೆಯೊಳಗೆ ಒದ್ದೆ ಬಟ್ಟೆ ಹರಡುವುದು ಬೇಡವೇ ಬೇಡ.

ಅಮ್ಮ ಏಕೆ ಬರೆಯುತ್ತಿಲ್ಲ?

ನಿಮ್ಮ ಮಗ
ಸಾಂಗು


ಎದುರುಮನೆಯಿಂದ
19 ಡಿಸೆಂಬರ್

ಸಾಂಗು,

ನಿನ್ನ ವಿದ್ಯೆಗೆ ಬೆಂಕಿ ಬೀಳಲಿ. ಏನು ಬರೆದೆಯಪ್ಪಾ ನೀನು!

ಇದನ್ನು ಎದುರುಮನೆಯ ಪಿಲ್ಸು ತಾಯಿಯ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನ ಉತ್ತರವೂ ಈ ಮನೆಯ ವಿಳಾಸಕ್ಕೇ ಬರಲಿ. ಸಾರ್ಜೆಂಟ್ ಓದಿದರೆ ಓದಿಕೊಳ್ಳಲಿ, ಅವನನ್ನೂ ಒಬ್ಬಳು ತಾಯಿ ಹೆತ್ತಿರಬೇಕು.

ನಿನ್ನ ಅಕ್ಕ ಹೆರಾನ್ ಇಲ್ಲಿದ್ದಾಳೆ. ಈ ತಿಂಗಳ ಒಂದನೆಯ ತಾರೀಖು ಹೆಣ್ಣು ಮಗು ಹುಟ್ಟಿತು. ಅವಳ ಗಂಡ ದೂರ ಸಮುದ್ರದ ಮೀನು ಹಡಗಿನಲ್ಲಿದ್ದಾನೆ, ವಸಂತಕ್ಕೆ ಮುಂಚೆ ಬರುವುದಿಲ್ಲ. ಅವರ ಬಾಡಿಗೆ ಕೋಣೆಯಲ್ಲಿ ನೆಲ ಬಿಸಿಯೇ ಆಗುವುದಿಲ್ಲ. ಹೆತ್ತ ಮಗಳನ್ನು ಆ ಐಸ್ ಪೆಟ್ಟಿಗೆಯಲ್ಲಿ ಬಿಡಲಾ? ನಿನ್ನ ತಂದೆ ಸಂಜೆ ಕೆಲಸಕ್ಕೆ ಹೊರಟೊಡನೆ ಅವಳು ನಮ್ಮ ಮನೆಗೆ ಬರುತ್ತಾಳೆ. ಬೆಳಿಗ್ಗೆ ಅವರು ಬರುವ ಮುಂಚೆ ಎದುರುಮನೆಗೆ ಹೋಗುತ್ತಾಳೆ. ಪಿಲ್ಸು ತಾಯಿ ಮಾರುಕಟ್ಟೆಯಲ್ಲಿ ತೋಫು ಮಾರುವವಳು, ಗಂಡ ಮಕ್ಕಳೂ ದುಡಿಯುವವರು, ಹಗಲು ಮನೆ ಖಾಲಿ. ರಾತ್ರಿ ಅಲ್ಲಿ ಕಾಲಿಡಲು ಜಾಗವಿಲ್ಲ.

ಅವಳ ಮದುವೆಯ ಮಾತು ಬಂದಾಗ ನಿನ್ನ ತಂದೆ ಗಂಟು ಮುಖ ಹಾಕಿಕೊಂಡು ಏನೆಂದಿದ್ದರು ನಿನಗೆ ಗೊತ್ತು. "ದೇಶದಲ್ಲಿ ಕಿಮ್‌ಗಳಿಲ್ವಾ, ಪಾರ್ಕ್‌ಗಳಿಲ್ವಾ? ಭೂತಗನ್ನಡಿ ಹಾಕ್ಕೊಂಡು ಹುಡುಕಿದ್ರೂ ನಮ್ಮ ಹಾಗೆ ಇನ್ನೊಬ್ಬ ನಮ್‌ಗುಂಗ್ ಸಿಗಲ್ಲ. ನೀನು ಹೋಗಿ ಅವನನ್ನೇ ಹಿಡ್ಕೊಂಡು ಬಂದ್ಯಲ್ಲ!" ಒಂದೇ ಮನೆತನ, ಒಂದೇ ಮೂಲಪುರುಷ, ಅಣ್ಣ ತಂಗಿ ಇದ್ದಂತೆ ಎಂದು ಅವರ ವಾದ. ಸರ್ಕಾರಿ ಕಚೇರಿಯವರೂ ಅದನ್ನೇ ಹೇಳಿ ಮದುವೆಯ ನೋಂದಣಿ ಮಾಡಲಿಲ್ಲ. ನಿನ್ನ ತಂದೆಗೆ ಅಷ್ಟು ಸಾಕಾಯಿತು. ಮಗು ಹುಟ್ಟಿದ್ದು ಅವರಿಗೆ ಗೊತ್ತೇ ಇಲ್ಲ.

ಈಗ ನೀನು ಕಿಟಕಿ ತೆರೆ ಎಂದೆ! ಬಾಣಂತಿಗೆ ಮೂರು ವಾರ ಗಾಳಿ ಸೋಕಬಾರದು. ಮೂಳೆಯ ಸಂದುಗಳೆಲ್ಲ ಸಡಿಲವಾಗಿರುತ್ತವೆ, ಒಳಗೆ ಹೊಕ್ಕ ಶೀತ ಮುದುಕಿಯಾದರೂ ಬಿಡುವುದಿಲ್ಲ. ನೆಲ ಕಾಯಿಸಬೇಕು, ದಿನಕ್ಕೆ ನಾಲ್ಕು ಸಲ ಕಡಲಪಾಚಿಯ ಸಾರು ಕುದಿಸಬೇಕು, ಮಗುವಿನ ಬಟ್ಟೆ ಬೆಳಗಾಗುವುದರೊಳಗೆ ಒಣಗಬೇಕು. ಕಿಟಕಿ ಬೆವರದೆ ಇನ್ನೇನು ಮಾಡೀತು? ನಿನ್ನ ತಂದೆ ಬಂದೊಡನೆ ಎಲ್ಲ ಕಿಟಕಿ ಹಾರುಹೊಡೆದು ಮನೆಯನ್ನು ಬೀದಿ ಮಾಡುತ್ತಾರೆ. ಸಂಜೆ ಅವಳು ಬರುವ ಹೊತ್ತಿಗೂ ನೆಲ ಕಾದಿರುವುದಿಲ್ಲ. ನಿನ್ನೆಯಿಂದ ಹೆರಾನ್‌ಗೆ ಮಣಿಕಟ್ಟು ನೋವು.

ಏನಾದರೂ ಸುಳ್ಳು ಹೇಳು. ಗಾಳಿ ನಿಲ್ಲಿಸು.

ತಾಯಿ


ಯಾಂಗ್‌ಗು
24 ಡಿಸೆಂಬರ್

ಅಮ್ಮಾ,

ನನಗೇನು ಕನಸು ಬಿದ್ದಿತ್ತೇ? ಅಕ್ಕನಿಗೆ ಮಗುವಾಗಿದೆ, ನಾನು ಸೋದರಮಾವ, ಮಾಡಿದ ಮೊದಲ ಉಪಕಾರ ಮೈಮೇಲೆ ಚಳಿಗಾಳಿ ಬಿಟ್ಟದ್ದು. ಅಪ್ಪನಿಗೆ ಈ ಅಂಚೆಯಲ್ಲೇ ಬರೆದಿದ್ದೇನೆ. ಮಗು ಯಾರ ಹಾಗಿದೆ? ಅಕ್ಕನ ಮೂಗು ಬರದಿರಲಿ ಎಂದು ಪ್ರಾರ್ಥಿಸುತ್ತಿದ್ದೇನೆಂದು ಅವಳಿಗೆ ಹೇಳು.

ಸಾಂಗು


ಯಾಂಗ್‌ಗು
24 ಡಿಸೆಂಬರ್

ಅಪ್ಪಾ,

ಕಳೆದ ಪತ್ರದಲ್ಲಿ ಒಂದು ತಪ್ಪಾಯಿತು. ನಮ್ಮ ಲೆಫ್ಟಿನೆಂಟ್ ಸಾಹೇಬರು ಕಟ್ಟಡದ ಎಂಜಿನಿಯರ್. ನಮ್ಮದು ಹೊಸ ಕಟ್ಟಡ ಎಂದೊಡನೆ ಹೌಹಾರಿದರು. ಹೊಸ ಸಿಮೆಂಟು ಮೊದಲ ಚಳಿಗಾಲ ಪೂರ್ತಿ ನೀರು ಬಿಡುತ್ತದಂತೆ, ಆಗ ಶೀತಗಾಳಿ ಹೊಡೆದರೆ ಗೋಡೆ ಬಿರುಕು ಬಿಡುತ್ತದಂತೆ. ವಸಂತದವರೆಗೆ ಕಿಟಕಿ ತೆರೆಯಬೇಡಿ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ನಿಮ್ಮ ಮಗ
ಸಾಂಗು


ಎದುರುಮನೆಯಿಂದ
11 ಜನವರಿ 1994

ಸಾಂಗು,

ನಿನ್ನ ಲೆಫ್ಟಿನೆಂಟಿಗೆ ನೂರು ವರ್ಷ ಆಯುಸ್ಸು. ಗೋಡೆ ಬಿರುಕು ಬಿಡುತ್ತದೆ ಎಂದದ್ದೇ ತಡ, ನಿನ್ನ ತಂದೆ ಕಿಟಕಿಯ ಸಂದಿಗೆಲ್ಲ ತಾವೇ ಕಾಗದ ಅಂಟಿಸಿದರು. ಮೂರು ವಾರವೂ ಕಳೆಯಿತು. ಹೆರಾನ್ ಮಣಿಕಟ್ಟು ಪರವಾಗಿಲ್ಲ. ಮಗುವಿಗೆ ಕೆನ್ನೆ ಬಂದಿದೆ.

ಆದರೆ ಅವರು ಸುಮ್ಮನೆ ಕೂರುವ ಜಾತಿಯೇ? ಗಾಳಿಯನ್ನು ಬಿಟ್ಟು ಈಗ ಹಬೆಯ ಬೆನ್ನು ಹತ್ತಿದ್ದಾರೆ. ಒಲೆಯ ಮೇಲಿನ ಪಾತ್ರೆಯ ತಳ ಮುಟ್ಟಿ ನೋಡುತ್ತಾರೆ. "ದಿನಾ ಕಡಲಪಾಚಿ ಸಾರು ಯಾಕೆ? ಹುಟ್ಟುಹಬ್ಬಕ್ಕೆ ಮಾಡೋದಲ್ವಾ ಇದು, ಯಾರ ಹುಟ್ಟುಹಬ್ಬ?" ಎಂದರು. "ನನ್ನ ರಕ್ತ ತಿಳಿಯಾಗ್ಲಿ ಅಂತ" ಎಂದೆ. "ನಿನ್ನ ನಾಲಿಗೆ ತಿಳಿಯಾದ್ರೆ ಸಾಕು" ಎಂದು ತಾವೂ ಎರಡು ಬಟ್ಟಲು ಕುಡಿದರು.

ಶನಿವಾರ ಬೆಳಿಗ್ಗೆ ನನ್ನ ಜೀವ ಬಾಯಿಗೆ ಬಂದಿತ್ತು. ನಿನ್ನ ತಂದೆ ಒಂದು ಕಟ್ಟು ಇದ್ದಿಲು ಹಿಡಿದುಕೊಂಡು ಬಂದರು. ಹಗ್ಗದಲ್ಲಿ ಪೋಣಿಸಿ ಬಾಗಿಲ ಚೌಕಟ್ಟಿಗೆ ಕಟ್ಟತೊಡಗಿದರು. ಹೆಣ್ಣು ಮಗು ಹುಟ್ಟಿದ ಮನೆಯ ಬಾಗಿಲಿಗಲ್ಲವೇ ಹಗ್ಗದಲ್ಲಿ ಇದ್ದಿಲು ಕಟ್ಟುವುದು! ಗೊತ್ತಾಗಿಹೋಯಿತು, ಹೆಣ್ಣೆಂಬುದೂ ಗೊತ್ತಾಗಿಹೋಯಿತು ಎಂದುಕೊಂಡು ನಾನು ಅಲ್ಲೇ ಕುಸಿದು ಕೂತು, "ನನ್ನನ್ನ ಬೈರಿ, ಅವಳನ್ನ ಏನೂ ಅನ್ಬೇಡಿ" ಎಂದು ಅತ್ತುಬಿಟ್ಟೆ. ಅವರು ಕಣ್ಣು ಕಣ್ಣು ಬಿಟ್ಟರು. "ಯಾರನ್ನ? ಸ್ನಾನಗೃಹದ ಮಾಲಕಿ ಹೇಳಿದ್ಲು, ಇದ್ದಿಲು ತೇವ ಹೀರತ್ತೆ ಅಂತ. ಅವಳನ್ನ ಯಾಕೆ ಬೈಲಿ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಪಾಡು. ಮಾಲಕಿಯ ಮೇಲೆ ನನಗೆ ಅನುಮಾನ ಎಂದುಕೊಂಡು ಅವರು ಇಡೀ ದಿನ ಮೀಸೆ ತಿರುವಿಕೊಂಡು ಓಡಾಡಿದರು.

ನಗಬೇಡ. ರಾತ್ರಿ ಮಗು ಅತ್ತಾಗಲೆಲ್ಲ ಕೆಳಗಿನ ಮನೆಯವರು ಕೇಳಿಸಿಕೊಂಡಾರು ಎಂದು ಎದೆ ಹೊಡೆದುಕೊಳ್ಳುತ್ತದೆ. ಹೆರಾನ್ ಮೊನ್ನೆ, "ಅಮ್ಮಾ, ನಾನು ಕಳ್ಳಿ ಅಲ್ಲ, ನನ್ನ ಮಗು ಕದ್ದ ಮಾಲೂ ಅಲ್ಲ. ಮಗೂದು ನೂರನೇ ದಿನದ ಶಾಸ್ತ್ರ ಆಗ್ತಿದ್ದ ಹಾಗೆ ಹೊರಟುಹೋಗ್ತೀನಿ. ಆಮೇಲೆ ಈ ಕಡೆ ತಲೆ ಹಾಕಲ್ಲ" ಎಂದಳು. ಅವಳು ಅಪ್ಪನ ಮಗಳು, ಹೇಳಿದರೆ ಮಾಡುತ್ತಾಳೆ. ಮಾರ್ಚ್ ಹತ್ತಕ್ಕೆ ನೂರು ದಿನ.

ತಾಯಿ


ಜೆಚೊನ್
14 ಫೆಬ್ರವರಿ

ಸಾಂಗು,

ಚಾಂದ್ರಮಾನ ಹೊಸವರ್ಷದ ಹಬ್ಬಕ್ಕೆ ಸ್ನಾನಗೃಹಕ್ಕೆ ಎರಡು ದಿನ ಬೀಗ. ಎದುರುಮನೆಯವರೂ ಊರಿಗೆ ಹೋಗಿದ್ದರು. ಬಹಳ ತಿಂಗಳ ಮೇಲೆ ಎರಡು ರಾತ್ರಿ ನನ್ನ ಮನೆಯಲ್ಲಿ ನಾನು ಮಲಗಿದೆ. ಎರಡು ಬೆಳಿಗ್ಗೆಯೂ ಕಿಟಕಿ ಒಣಗಿತ್ತು. ಮೂಲೆಯಲ್ಲಿ ಒಂದಿಷ್ಟು ಮಂಜು, ಅಷ್ಟೇ. ಮೂರನೆಯ ದಿನ ಕೆಲಸಕ್ಕೆ ಹೋಗಿ ಬಂದೆ, ಮತ್ತೆ ಧಾರಾಕಾರ.

ನೀನು ಓದಿದವನು, ನನ್ನ ಲೆಕ್ಕ ಸರಿಯೇ ನೋಡು. ನಾನಿದ್ದರೆ ಮನೆಯಲ್ಲಿ ಉಸಿರು ಎರಡು. ನಾನಿಲ್ಲದಿದ್ದರೆ ಒಂದು. ಎರಡಿದ್ದಾಗ ಗಾಜು ಒಣಗಿ, ಒಂದಿದ್ದಾಗ ತೊಯ್ಯುವುದು ಯಾವ ನ್ಯಾಯ? ನಿನ್ನ ಲೆಫ್ಟಿನೆಂಟಿನ ಸಿಮೆಂಟು ನಾನು ಬಂದರೆ ಮರ್ಯಾದೆಗೆ ಬೆವರು ನಿಲ್ಲಿಸುತ್ತದೆಯೋ? ಸ್ನಾನಗೃಹದ ಹಜಾರದ ಕನ್ನಡಿಗೆ ಕಟ್ಟಿದ ಹಬೆ ನೋಡಿದರೆ ಸಾಕು, ಒಳಗೆ ಹೆಚ್ಚು ಜನವೋ ಕಡಿಮೆಯೋ ಎಂದು ಬಾಗಿಲು ತೆರೆಯದೆಯೇ ಹೇಳುವವನು ನಾನು. ನನಗೇ ಮಂಕುಬೂದಿ ಎರಚುತ್ತಿದ್ದೀರಿ.

ನಿನ್ನ ತಾಯಿಗೆ ಐವತ್ತಾರು. ಅನುಮಾನ ಪಡುವ ವಯಸ್ಸು ಅವಳದಲ್ಲ, ನನ್ನದೂ ಅಲ್ಲ. ಆದರೆ ನಾನಿಲ್ಲದ ರಾತ್ರಿಗಳಲ್ಲಿ ನನ್ನ ಮನೆಯಲ್ಲಿ ಯಾರೋ ಉಸಿರಾಡುತ್ತಿದ್ದಾರೆ. ನಿನಗೆ ಗೊತ್ತಿದೆ, ಅದಕ್ಕೇ ಸುಳ್ಳು ಬರೆದೆ. ಬೆಂಕಿಯ ಮುಂದೆ ಕೂತರೆ ಇದೇ ಯೋಚನೆ. ಹಗಲು ನಿದ್ದೆ ಬರುತ್ತಿಲ್ಲ. ಯಾರು?

ನಿನ್ನ ತಂದೆ


ಯಾಂಗ್‌ಗು
20 ಫೆಬ್ರವರಿ

ಅಪ್ಪಾ,

ಸುಳ್ಳು ಬರೆದೆ, ನಿಜ. ನಮ್ಮ ಲೆಫ್ಟಿನೆಂಟ್ ಓದಿದ್ದು ಸಂಗೀತ.

ಹೆಸರು ನನ್ನಿಂದ ಕೇಳಬೇಡಿ, ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ನಿಮಗೆ ಅಷ್ಟು ಚಡಪಡಿಕೆಯಿದ್ದರೆ ಒಂದು ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಮನೆಗೆ ಹೋಗಿ, ನಿಮ್ಮ ಕಣ್ಣಿಂದಲೇ ನೋಡಿ. ಆದರೆ ಬಾಯಿ ತೆರೆಯುವ ಮುಂಚೆ ಸ್ವಲ್ಪ ನಿಲ್ಲಿ. ನೀವು ಈಗ ಏನು ಹೇಳುತ್ತೀರೋ ಅದು ಈ ಸಲ ಖಾಯಂ ಆಗಿಬಿಡುತ್ತದೆ. ಹೋದವರು ಮತ್ತೆ ಬರುವುದಿಲ್ಲ. ಇಷ್ಟು ದೂರದಲ್ಲಿ ಕೋವಿ ಹಿಡಿದು ನಿಂತು ನನಗೆ ಭಯವಾಗುತ್ತಿದೆ, ಗಡಿಯಾಚೆಯವರದಲ್ಲ, ನಿಮ್ಮದು.

ಸಾಂಗು


ಎದುರುಮನೆಯಿಂದ
28 ಫೆಬ್ರವರಿ

ಸಾಂಗು,

ನಿನ್ನ ತಂದೆಗೆ ಏನೋ ಆಗಿದೆ. ಎಂಟಕ್ಕೆ ಬರುತ್ತಿದ್ದವರು ಈಗ ಒಂಬತ್ತೂವರೆಗೆ ಬರುತ್ತಾರೆ. ಕೇಳಿದರೆ "ಬಾಯ್ಲರ್ ರಿಪೇರಿ" ಎನ್ನುತ್ತಾರೆ. ದಿನಾ ರಿಪೇರಿಯಾಗುವ ಬಾಯ್ಲರ್ ಯಾವುದಪ್ಪ? ಹೊರಡುವ ಮುಂಚೆ ನೆಲದ ಶಾಖವನ್ನು ತಾವೇ ಹೆಚ್ಚು ಮಾಡಿ ಹೋಗುತ್ತಾರೆ. ಮೂರು ಹೆಜ್ಜೆಗೊಮ್ಮೆ ನೆಲ ಕಾಯಿಸುವ ಎಣ್ಣೆ ದುಬಾರಿ ಎಂದು ಬೊಬ್ಬೆ ಹೊಡೆಯುವ ಮನುಷ್ಯ! ಕಿಟಕಿಯ ಸುದ್ದಿಯೇ ಎತ್ತುವುದಿಲ್ಲ. ಬಂದು, ಬಟ್ಟೆ ತೆಗೆದುಕೊಂಡು, ಒರೆಸಿ, ಹಿಂಡಿ, ಮಲಗಿಬಿಡುತ್ತಾರೆ. ಅವರು ಕೂಗಾಡುತ್ತಿದ್ದಾಗಲೇ ನನಗೆ ನೆಮ್ಮದಿಯಿತ್ತು. ನೀನೇನಾದರೂ ಬರೆದೆಯಾ?

ಹೆರಾನ್ ಬಟ್ಟೆ ಗಂಟು ಕಟ್ಟುತ್ತಿದ್ದಾಳೆ.

ತಾಯಿ


ಜೆಚೊನ್
5 ಮಾರ್ಚ್

ಸಾಂಗು,

ಬೇಗ ಹೋಗಿ ನೋಡು ಎಂದೆ. ಹೋದೆ.

ನಾಲ್ಕನೆಯ ಮಹಡಿಯ ತಿರುವಿನಲ್ಲಿ ನಿಂತಿದ್ದೆ. ನಮ್ಮ ಬಾಗಿಲು ತೆರೆಯಿತು. ಮೊದಲು ನಿನ್ನ ತಾಯಿಯ ತಲೆ ಹೊರಗೆ ಬಂದು ಬೆಕ್ಕಿನಂತೆ ಆಚೆ ಈಚೆ ನೋಡಿತು. ಹಿಂದೆ ತಲೆತುಂಬ ಹೊದಿಕೆ ಹೊದ್ದವಳೊಬ್ಬಳು. ನಡಿಗೆಯಲ್ಲೇ ಗೊತ್ತಾಯಿತು, ಚಿಕ್ಕವಳಿದ್ದಾಗಿನಿಂದ ಬಲಗಾಲು ಸ್ವಲ್ಪ ಎಳೆಯುತ್ತಾಳೆ. ಹೊದಿಕೆಯೊಳಗಿಂದ ಒಂದು ಸದ್ದು ಬಂತು, ಕವಾಟ ಸಡಿಲವಾದಾಗ ಹಬೆ ಹೊರಡುವಷ್ಟು ಸಣ್ಣದು. ಮಗು.

ಅವಳ ಕಾಲಲ್ಲಿ ಬರೀ ರಬ್ಬರ್ ಚಪ್ಪಲಿ. ಮೆಟ್ಟಿಲ ಹಾದಿಯ ಕಿಟಕಿಯ ಗಾಜು ಒಡೆದು ತಿಂಗಳಾಯಿತು, ಮಂಜುಗಾಳಿ ನೇರ ಒಳಗೆ ಬರುತ್ತದೆ. "ಕಾಲುಚೀಲ ಹಾಕ್ಕೊಳ್ಳೇ, ಬುದ್ಧಿ ಇಲ್ವಾ!" ಎಂಬುದು ಬಾಯಿಯವರೆಗೆ ಬಂತು. ನುಂಗಿದೆ. ಎದುರುಮನೆಯ ಬಾಗಿಲು ಮುಚ್ಚಿತು. ಇಳಿದು ಸ್ನಾನಗೃಹಕ್ಕೆ ಹೋಗಿ ಕೂತೆ. ಅಂದಿನಿಂದ ತಡವಾಗಿ ಬರುತ್ತೇನೆ. ಬಿಸಿಲು ಏರಿದ ಮೇಲಾದರೂ ದಾಟಲಿ. ಒಡೆದ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊಡೆದೆ.

ಅವಳು ಮನೆ ಬಿಟ್ಟ ದಿನ, "ನೀನು ನನ್ನ ಹೊಸಿಲು ತುಳಿದ್ರೆ ನಾನು ಸತ್ತ ಹಾಗೆ" ಎಂದಿದ್ದೆ. ಅವಳು ದಿನಕ್ಕೆರಡು ಸಲ ತುಳಿಯುತ್ತಿದ್ದಾಳೆ. ಎಷ್ಟು ಸಲ ಸತ್ತೆನೋ ಏನೋ, ಊಟವಂತೂ ಸೇರುತ್ತಿದೆ.

ಹೋಗಿ ಬಾಗಿಲು ತಟ್ಟಬೇಕೆ? ತಟ್ಟಿ ಏನು ಹೇಳಲಿ? ಒಂದೇ ಮನೆತನದಲ್ಲಿ ಮದುವೆ ತಪ್ಪು, ಅದನ್ನು ನಾನು ಈಗಲೂ ಹೇಳುತ್ತೇನೆ. ಆದರೆ ಆ ಮಗುವಿಗೆ ಅದನ್ನು ಹೇಗೆ ಹೇಳುವುದು? ರಾತ್ರಿಯೆಲ್ಲ ಬೆಂಕಿಯ ಮುಂದೆ ಮಾತು ಜೋಡಿಸುತ್ತೇನೆ, ಐದು ಮಹಡಿ ಹತ್ತುವಷ್ಟರಲ್ಲಿ ಒಂದೂ ಉಳಿಯುವುದಿಲ್ಲ. ನನಗೆ ಗೊತ್ತಾಗಿದೆ ಎಂದು ನಿನ್ನ ತಾಯಿಗೆ ಬರೆಯಬೇಡ. ಅವಳು ಅತ್ತರೆ ನಾನು ಮತ್ತೆ ಕೂಗಾಡಿಬಿಡುತ್ತೇನೆ.

ಮಗು ಗಂಡೋ ಹೆಣ್ಣೋ? ಬೇಡ, ಅದನ್ನೂ ಬರೆಯಬೇಡ.

ನಿನ್ನ ತಂದೆ


ಜೆಚೊನ್
11 ಮಾರ್ಚ್

ಸಾಂಗು,

ಅಕ್ಕ ಬರೆಯುತ್ತಿದ್ದೇನೆ. ಮಗುವಿಗೆ ನನ್ನ ಮೂಗೇ ಬಂದಿದೆ, ನಿನ್ನ ಪ್ರಾರ್ಥನೆ ಅಷ್ಟಕ್ಕಷ್ಟೇ.

ನಿನ್ನೆ ನೂರನೆಯ ದಿನ. ಇವತ್ತು ಬೆಳಿಗ್ಗೆಯ ಬಸ್ಸಿಗೆ ಹೊರಡುವುದೆಂದು ಗಂಟು ಕಟ್ಟಿದ್ದೆ. ಅಮ್ಮ ಪಿಲ್ಸು ತಾಯಿಯ ಮನೆಯಲ್ಲೇ ಬಿಳಿ ಅಕ್ಕಿಯ ಕಡುಬು ಬೇಯಿಸಿದಳು. ನೂರು ಮನೆಗೆ ಹಂಚಿದರೆ ಮಗುವಿಗೆ ಆಯುಸ್ಸು. ನಾವು ಈ ಮೆಟ್ಟಿಲಿನ ಹತ್ತು ಮನೆಗೆ ಹಂಚುವುದೆಂದಿತ್ತು. ಎಲ್ಲ ಮನೆಗೂ ಕೊಟ್ಟು ಅಪ್ಪನನ್ನು ಬಿಟ್ಟರೆ ಮಗುವಿಗೇ ಕೇಡು ಎಂದು ಪಿಲ್ಸು ತಾಯಿ ಹಟ ಹಿಡಿದು ತಟ್ಟೆ ತೆಗೆದುಕೊಂಡು ಹೋದಳು. ನಾನು ಈಚೆ ಬಾಗಿಲ ಹಿಂದೆ ಮಗುವನ್ನೆತ್ತಿಕೊಂಡು ನಿಂತಿದ್ದೆ. ಪ್ರತಿ ಮಾತೂ ಕೇಳಿಸುತ್ತಿತ್ತು.

"ಸಂಬಂಧಿಕರ ಮಗೂದು ನೂರನೇ ದಿನ, ತಗೊಳ್ಳಿ."

"ಹೆಣ್ಣೋ, ಗಂಡೋ?"

"ಹೆಣ್ಣು."

"ಯಾವ ಮನೆತನದ್ದು?"

ಪಿಲ್ಸು ತಾಯಿ ಮಾರುಕಟ್ಟೆಯಲ್ಲಿ ನೂರು ಸುಳ್ಳು ಹೇಳುವವಳು, ಕಡುಬಿನ ತಟ್ಟೆ ಹಿಡಿದು ಒಂದು ಹೇಳಲಾರದೆ ಹೋದಳು. "ನಮ್‌ಗುಂಗ್" ಎಂದಳು.

"ತಂದೆ ಕಡೆಯಿಂದ್ಲೋ, ತಾಯಿ ಕಡೆಯಿಂದ್ಲೋ?"

"ಎರಡೂ ಕಡೆಯಿಂದ."

ಬೈದರೆ ತಿರುಗಿ ಬೈಯಲು ತಯಾರಾಗಿದ್ದೆ, ಮಾತುಗಳನ್ನೂ ಹೊಂದಿಸಿಟ್ಟಿದ್ದೆ.

"ಹಾಗಾದ್ರೆ ಎರಡು ಪಾಲೂ ನಮ್ದೇ" ಎಂದರು ಅಪ್ಪ.

ಆಮೇಲೆ, "ನಿಲ್ಲಿ, ತಟ್ಟೆ ಖಾಲಿ ಕಳಿಸೋ ಹಾಗಿಲ್ಲ" ಎಂದು ಒಳಗೆ ಹೋದರು. ಅಮ್ಮನ ಹೊಲಿಗೆ ಬುಟ್ಟಿ ಬುಡಮೇಲಾದ ಸದ್ದು ಕೇಳಿತು. ಹೊದಿಕೆ ಹೊಲಿಯುವ ಬಿಳಿ ನೂಲಿನ ಲಡಿಯನ್ನು ತಟ್ಟೆಯಲ್ಲಿಟ್ಟುಕೊಂಡು ಅಪ್ಪ ತಾವೇ ಬಂದು ಬಾಗಿಲು ತಟ್ಟಿದರು. ಮೈಮೇಲೆ ಒಳಚಡ್ಡಿ, ಬನಿಯನ್ ಅಷ್ಟೇ. ನನ್ನ ಮುಖ ನೋಡಲಿಲ್ಲ. ನೂಲನ್ನು ಬಿಡಿಸಿ ಮಗುವಿನ ಕತ್ತಿಗೆ ಸುತ್ತಿದರು, ನೂಲಿನಷ್ಟು ಉದ್ದ ಬಾಳಲಿ ಎಂದು ಹೇಳಬೇಕಲ್ಲ, ಆ ಮಾತು ಬರಲೇ ಇಲ್ಲ. ಕೊನೆಗೆ ನನ್ನ ಗಂಟನ್ನು ನೋಡಿ, "ಇದನ್ನ ಯಾರು ಹೊರೋದು? ನಾನಾ?" ಎಂದು ಗದರಿ, ತಾವೇ ಹೊತ್ತುಕೊಂಡು ನಮ್ಮ ಮನೆಯೊಳಗೆ ನಡೆದರು. ನಾನು ಜೋರಾಗಿ ಅತ್ತುಬಿಟ್ಟೆ.

ಇವತ್ತು ಅಪ್ಪನ ಹೊಸ ಕಾನೂನು ಬಂದಿದೆ. ಒಂದು ಕೋಣೆಯ ಕಿಟಕಿ ತೆರೆದಾಗ ತಾಯಿ ಮಗು ಇನ್ನೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿರಬೇಕು, ಆಮೇಲೆ ಅದಲುಬದಲು. ನನ್ನ ಗಂಡ ಹಡಗಿನಿಂದ ಬಂದರೆ ಅವನನ್ನು ಯಾವ ಕೋಣೆಗೆ ಹಾಕುತ್ತಾರೋ ತಿಳಿಯದು. ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಹಗಲು ಹನ್ನೊಂದು. ನಾನು ನಮ್ಮ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಪ್ಪ ಪಕ್ಕದಲ್ಲೇ ಬಿದ್ದುಕೊಂಡು ಗೊರಕೆ ಹೊಡೆಯುತ್ತಿದ್ದಾರೆ, ಅದಕ್ಕೆ ಬೆಚ್ಚಿ ಮಗು ಅಳುತ್ತಿದೆ, ಅಮ್ಮ ಇಬ್ಬರಲ್ಲಿ ಯಾರನ್ನು ಸುಮ್ಮನಿರಿಸುವುದೆಂದು ತಿಳಿಯದೆ ನಡುವೆ ನಿಂತಿದ್ದಾಳೆ.

ಅಕ್ಕ
ಹೆರಾನ್